ಎರಡನೆಯ ರೌಟರಿಗೆ ಅಧಿಕಾರ ಬೇಡ

— ಒಂದು ಮಾತು ಹೇಳು ತಮ್ಮಾ. ಹಾನಗಲ್ಲ ಇರ್ಲಿ, ಹಿರೇಕೆರೂರ ಇರ್ಲಿ, ಸವಣೂರು, ಶಿಗ್ಗಾವಿ ಯಾವುದರ ಇರ್ಲಿ, ಫೈಬರ್ ಈಗ ಮನಿ ಬಾಗಿಲಿಗೆ ಬಂದೈತಿ. ಪಡಸಾಲ್ಯಾಗ ನೆಟ್ ಓಡತೈತಿ, ಅಡಗಿ ಮನ್ಯಾಗ ಕುಂಟತೈತಿ, ಹಿತ್ತಲಕ್ಕ ಹೋದ್ರ ಸುದ್ದಿನ ಇಲ್ಲ. ‘ಇನ್ನೊಂದು ರೌಟರ್ ತಂದು ಕೇಬಲ್ ಹಚ್ಚು’ ಅಂತ ಒಬ್ಬಾಂವ ಹೇಳ್ತಾನ. ಹಚ್ಚಿದಾಂವ ‘ಇದ್ದದ್ದೂ ಹೋತು’ ಅಂತ ಬೈತಾನ. ಇದರಾಗ ಖರೇ ಯಾವುದು?

— ಎರಡೂ ಖರೆ, ಮಾಸ್ತರ. ಕೇಬಲ್ ಎಳೆಯುವುದು ಸರಿಯಾದ ಕೆಲಸ. ಎಳೆದ ಮೇಲೆ ಎರಡನೆಯ ರೌಟರನ್ನು ಅಂಗಡಿಯಿಂದ ಬಂದ ಹಾಗೆಯೇ ಬಿಡುವುದು ತಪ್ಪು ಕೆಲಸ. ಬೈಗುಳವೆಲ್ಲ ಹುಟ್ಟುವುದು ಅಲ್ಲಿಂದ. ನಾವು ಕೊಳ್ಳುವ ಆ ಒಂದು ಡಬ್ಬಿಯಲ್ಲಿ ನಾಲ್ಕು ಉಪಕರಣಗಳು ಸೇರಿಕೊಂಡಿವೆ. ಹೊರಗಿನ ಜಾಲಕ್ಕೂ ಮನೆಯ ಜಾಲಕ್ಕೂ ನಡುವೆ ನಿಂತು ಮಾಹಿತಿಯನ್ನು ಅತ್ತಿಂದಿತ್ತ ದಾಟಿಸುವ ರೌಟರ್ ಒಂದು. ಮನೆಯ ಪ್ರತಿ ಫೋನು, ಟಿವಿ, ಕಂಪ್ಯೂಟರಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಇನ್ನೊಂದು. ಹಿಂಬದಿಯ ಲ್ಯಾನ್ ಪೋರ್ಟುಗಳನ್ನು ಒಂದಕ್ಕೊಂದು ಬೆಸೆಯುವ ಸ್ವಿಚ್ ಮೂರನೆಯದು, ವೈಫೈ ಕೊಡುವ ರೇಡಿಯೊ ನಾಲ್ಕನೆಯದು. ಹಿತ್ತಲ ಕೋಣೆಗೆ ನೆಟ್ ಮುಟ್ಟಿಸಲು ಬೇಕಾದದ್ದು ಕಡೆಯ ಎರಡು ಮಾತ್ರ. ಮೊದಲಿನ ಎರಡು ಆಗಲೇ ಪಡಸಾಲೆಯ ಡಬ್ಬಿಯಲ್ಲಿ ದುಡಿಯುತ್ತಿವೆ. ಆದ್ದರಿಂದ ನನ್ನ ವಾದ ಇಷ್ಟೇ: ಒಂದು ಮನೆಗೆ, ಒಂದು ಕಚೇರಿಗೆ, ನಿರ್ಧಾರ ಮಾಡುವ ರೌಟರ್ ಒಂದೇ ಇರಲಿ. ಮಿಕ್ಕವು ತಂತಿಯಲ್ಲಿ ಬಂದದ್ದನ್ನು ಮುಂದಕ್ಕೆ ಕೊಡುವ ಕೆಲಸಕ್ಕಷ್ಟೇ ಇರಲಿ. ಎರಡನೆಯದನ್ನು ಕೊಳ್ಳಿರಿ, ಆದರೆ ಅದಕ್ಕೆ ಅಧಿಕಾರ ಕೊಡಬೇಡಿರಿ.

— ಅಧಿಕಾರದ ಮಾತು ಆಮ್ಯಾಲ ನೋಡೋಣ. ಮೊದ್ಲ ಕೇಬಲ್ ಯಾಕ ಅಂತ ಹೇಳು. ಪ್ಯಾಟ್ಯಾಗ ರಿಪೀಟರ್ ಸಿಗತಾವು. ಗ್ವಾಡಿ ಪ್ಲಗ್ಗಿಗೆ ಚುಚ್ಚಿದ್ರ ಮುಗೀತು. ಪಟ್ಟಿ ಹೊಡಿಯೂದಿಲ್ಲ, ಗ್ವಾಡಿಗೆ ತೂತ ಕೊರಿಯೂದಿಲ್ಲ.

— ರಿಪೀಟರಿಗೂ ಅದೇ ಗೋಡೆ ಅಡ್ಡ ಬರುತ್ತದಲ್ರೀ. ಈ ನಾಲ್ಕೂ ತಾಲ್ಲೂಕಿನ ಹಳೆಯ ಮನೆಗಳನ್ನು ನೆನಪಿಸಿಕೊಳ್ಳಿರಿ: ಮೊಳದಷ್ಟು ದಪ್ಪನೆಯ ಮಣ್ಣಿನ ಇಲ್ಲವೇ ಕಲ್ಲಿನ ಗೋಡೆ, ಪಡಸಾಲೆ, ನಡುಮನೆ, ಅಡಿಗೆಮನೆ, ಹಿತ್ತಲು ಎಂದು ಒಂದರ ಹಿಂದೊಂದು ಉದ್ದಕ್ಕೆ ಸಾಗುವ ಕಟ್ಟಣೆ. ಫೈಬರ್ ಬಂದು ನಿಲ್ಲುವುದು ಬೀದಿ ಕಡೆಯ ಪಡಸಾಲೆಯಲ್ಲಿ. ಅಲ್ಲಿಂದ ಹೊರಟ ಅಲೆ ಹಿತ್ತಲು ಮುಟ್ಟಲು ಮೂರು ಗೋಡೆ ದಾಟಬೇಕು. 2.4 ಗಿಗಾಹರ್ಟ್ಸ್‌ನದು ಸೊರಗುತ್ತಲಾದರೂ ಒಂದೆರಡು ದಾಟೀತು. ಹೆಚ್ಚು ವೇಗ ಕೊಡುವ 5 ಗಿಗಾಹರ್ಟ್ಸ್‌ನದು ಅಷ್ಟೂ ದಾಟುವುದಿಲ್ಲ. ನೀರು ಈ ಅಲೆಗಳನ್ನು ಹೀರುತ್ತದೆ, ಹೀಗಾಗಿ ಮಲೆನಾಡಿನ ಅಂಚಿನ ಹಾನಗಲ್ಲ ಕಡೆ ಮಳೆಗಾಲದ ಹಸಿ ಗೋಡೆ ಬೇಸಿಗೆಯ ಗೋಡೆಗಿಂತ ಹೆಚ್ಚು ತಡೆಯುತ್ತದೆ. ಇಂಥಲ್ಲಿ ನಡುಮನೆಯ ರಿಪೀಟರಿಗೆ ಸಿಗುವುದೇ ಅರೆಜೀವದ ಸಿಗ್ನಲ್ಲು. ಅದು ಅದನ್ನೇ ಮುಂದಕ್ಕೆ ಕಳಿಸುತ್ತದೆ. ಫೋನಿನಲ್ಲಿ ವೈಫೈ ಗೆರೆಗಳು ತುಂಬಿ ಕಾಣುತ್ತವೆ, ವಿಡಿಯೊ ಮಾತ್ರ ಸುತ್ತುತ್ತಲೇ ಇರುತ್ತದೆ. ಅಗ್ಗದ ರಿಪೀಟರಿಗೆ ಇನ್ನೊಂದು ಹುಟ್ಟು ಕುಂದು ಇದೆ. ಅದರ ಒಂದೇ ರೇಡಿಯೊ ಕೇಳುವುದನ್ನೂ ಹೇಳುವುದನ್ನೂ ಒಂದೇ ಚಾನೆಲ್ಲಿನಲ್ಲಿ ಸರದಿಯಂತೆ ಮಾಡಬೇಕು, ಹಾಗಾಗಿ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಈ ಸರದಿಯ ರೋಗ ಮೊದಲು ಈಥರ್ನೆಟ್ಟಿಗೂ ಇತ್ತು. 1973ರಲ್ಲಿ ಅಮೆರಿಕದ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಅದನ್ನು ಯೋಚಿಸಿದಾಗ ಕಚೇರಿಯ ಎಲ್ಲ ಯಂತ್ರಗಳಿಗೂ ಒಂದೇ ತಂತಿ. ಇಬ್ಬರು ಒಟ್ಟಿಗೆ ಮಾತಾಡಿದರೆ ಡಿಕ್ಕಿ, ಮತ್ತೆ ಕಾದು ಮಾತಾಡಬೇಕು. ಆಮೇಲೆ, 1990ರ ಹೊತ್ತಿಗೆ, ಜೋಡಿ ಹೆಣೆದ ತಂತಿಯ ಮಾನಕ ಬಂತು, ಹಿಂದೆಯೇ ಸ್ವಿಚ್ ಬಂತು. ಅಲ್ಲಿಂದ ಪ್ರತಿ ಯಂತ್ರಕ್ಕೂ ಅದರದೇ ತಂತಿ, ಹೋಗುವುದೂ ಬರುವುದೂ ಏಕಕಾಲಕ್ಕೆ. ತಂತಿ ಎಂದೋ ಕಳೆದುಕೊಂಡ ಕುಂದನ್ನು ನಾವು ರಿಪೀಟರ್ ಹೆಸರಿನಲ್ಲಿ ದುಡ್ಡು ಕೊಟ್ಟು ಮನೆಗೆ ತರುತ್ತಿದ್ದೇವೆ. ಮೆಶ್ ಎಂದು ಮಾರುವ ದುಬಾರಿ ಡಬ್ಬಿಗಳು ಇದಕ್ಕಿಂತ ವಾಸಿ, ನಿಜ. ಆದರೆ ಅವಕ್ಕೂ ಬಹುಪಾಲು ಲ್ಯಾನ್ ಪೋರ್ಟ್ ಇಟ್ಟೇ ಇರುತ್ತಾರೆ. ಕೇಬಲ್ ಹಚ್ಚಿದರೆ ಒಳ್ಳೆಯದೆಂದು ತಯಾರಿಸಿದವರೇ ಬರೆದಿರುತ್ತಾರೆ.

— ಆತು, ಕೇಬಲ್ ಹಚ್ಚಿದ್ವಿ ಅನ್ನು. ಜಗಳ ಹೆಂಗ ಹತ್ತತೈತಿ? ಮುಂಜಾನೆ ನೆಟ್ ಬರತೈತಿ, ಸಂಜಿಕೆ ಬರವಲ್ದು. ಹೆಂಡತಿ ಫೋನಿನ್ಯಾಗ ಬರತೈತಿ, ಗಂಡನ ಫೋನಿನ್ಯಾಗ ಬರವಲ್ದು. ಕೆಟ್ಟರ ಪೂರ್ತಿ ಕೆಡಬೇಕು. ಇದೇನು ಅರ್ಧಂಬರ್ಧ?

— ಆ ಅರ್ಧಂಬರ್ಧವೇ ರೋಗದ ಗುರುತು ಮಾಸ್ತರ. ಮೊದಲ ರೌಟರಿನ ಲ್ಯಾನ್ ಪೋರ್ಟಿನಿಂದ ಎರಡನೆಯದರ ಲ್ಯಾನ್ ಪೋರ್ಟಿಗೆ ತಂತಿ ಕೊಟ್ಟಿರಿ ಎನ್ನಿ. ಈಗ ಎರಡೂ ಸೇರಿ ಒಂದೇ ಜಾಲ. ಫೋನು ವೈಫೈಗೆ ಸೇರಿದ ಕೂಡಲೇ ‘ನನಗೊಂದು ವಿಳಾಸ ಕೊಡಿ’ ಎಂದು ಇಡೀ ಜಾಲಕ್ಕೆ ಕೇಳುವಂತೆ ಕೂಗುತ್ತದೆ. ಎರಡೂ ಡಬ್ಬಿಗಳಲ್ಲಿ ಡಿಎಚ್‌ಸಿಪಿ ಚಾಲೂ ಇದ್ದರೆ ಎರಡೂ ಉತ್ತರ ಕೊಡುತ್ತವೆ. ಫೋನು ಸಾಮಾನ್ಯವಾಗಿ ಮೊದಲು ಬಂದದ್ದನ್ನು ಹಿಡಿದುಕೊಳ್ಳುತ್ತದೆ. ವಿಳಾಸದ ಜೊತೆಗೆ ‘ಹೊರಗೆ ಹೋಗಬೇಕಾದರೆ ನನ್ನ ಹತ್ತಿರ ಬಾ’ ಎಂದು ಗೇಟ್‌ವೇಯನ್ನೂ ಆ ಡಬ್ಬಿ ಹೇಳಿರುತ್ತದೆ. ಪಡಸಾಲೆಯ ರೌಟರಿನಿಂದ ಉತ್ತರ ಪಡೆದ ಫೋನಿಗೆ ನೆಟ್ ಉಂಟು, ಯಾಕೆಂದರೆ ಫೈಬರ್ ಇರುವುದು ಅಲ್ಲಿ. ಹಿತ್ತಲಿನದರಿಂದ ಪಡೆದ ಫೋನು ಹೊರಗಿನ ದಾರಿಯೇ ಇಲ್ಲದ ಡಬ್ಬಿಯ ಮುಂದೆ ಹೋಗಿ ನಿಲ್ಲುತ್ತದೆ. ವೈಫೈ ಸೇರಿದೆ ಎಂದು ತೋರಿಸುತ್ತದೆ, ಇಂಟರ್‌ನೆಟ್ ಇಲ್ಲ ಎಂದೂ ಹೇಳುತ್ತದೆ. ವಿಳಾಸದ ಅವಧಿ ಮುಗಿದು ಮತ್ತೆ ಕೇಳಿದಾಗ ಇನ್ನೊಂದು ಡಬ್ಬಿ ಮುಂದಾದರೆ ತಾನಾಗಿ ಸರಿಯಾಗುತ್ತದೆ. ಮನೆಯವರು ‘ಆಫ್ ಮಾಡಿ ಆನ್ ಮಾಡಿದ್ದಕ್ಕೆ ಬಂತು’ ಎಂದುಕೊಳ್ಳುತ್ತಾರೆ. ಇದಲ್ಲದೆ ಎರಡೂ ಡಬ್ಬಿಗಳು ಕಾರ್ಖಾನೆಯಿಂದಲೇ 192.168.1.1 ಎಂಬ ಒಂದೇ ವಿಳಾಸ ಹೊತ್ತು ಬಂದಿದ್ದರೆ, ಯಾವುದಕ್ಕೆ ಕಳಿಸಿದ್ದು ಯಾವುದಕ್ಕೆ ಮುಟ್ಟೀತೆಂದು ಹೇಳುವುದೇ ಕಷ್ಟ. 192.168 ಎಂದು ಶುರುವಾಗುವ ವಿಳಾಸಗಳನ್ನು ಖಾಸಗಿ ಜಾಲಗಳು ಹಂಚಿಕೊಂಡು ಬಳಸಲೆಂದು 1996ರಲ್ಲೇ ತೆಗೆದಿಟ್ಟಿದ್ದಾರೆ, ಆದ್ದರಿಂದ ಕಂಪನಿಗಳೆಲ್ಲ ಅದನ್ನೇ ಹಾಕುತ್ತವೆ.

— ಮದಗ-ಮಾಸೂರು ಕೆರಿ ತೂಬಿನ ಮುಂದ ಇಬ್ಬರು ನೀರಗಂಟಿಗಳನ್ನ ನಿಲ್ಲಿಸಿದಂಗಾತು ಬಿಡು. ಒಬ್ಬಾಂವ ತೂಬು ಎತ್ತತಾನ, ಇನ್ನೊಬ್ಬಾಂವಗ ತೂಬ ಇಲ್ಲ, ಆದ್ರ ಪಾಳಿ ಚೀಟಿ ಅಂವನೂ ಹಂಚತಾನ.

— ಅಷ್ಟೇರಿ. ಎರಡನೆಯವನ ಕೈಯಿಂದ ಚೀಟಿ ಕಸಿದುಕೊಂಡರೆ ಜಗಳ ಮುಗಿಯಿತು. ಮೊದಲಿನದಕ್ಕೆ ಹಚ್ಚುವ ಮುಂಚೆ ಎರಡನೆಯ ರೌಟರನ್ನು ಒಂಟಿಯಾಗಿ ಕಂಪ್ಯೂಟರಿಗೆ ಹಚ್ಚಿ, ಅದರ ಸೆಟ್ಟಿಂಗಿನಲ್ಲಿ ವಿಳಾಸವನ್ನು 192.168.1.2 ಎಂದೋ ಮತ್ತೊಂದೋ ಬದಲಿಸಬೇಕು. ಮೊದಲ ರೌಟರ್ ಹಂಚುವ ಸರಣಿಯೊಳಗೆ ಅದು ಬರದಂತೆ ನೋಡಿಕೊಂಡರಾಯಿತು. ಡಿಎಚ್‌ಸಿಪಿ ಆಫ್ ಮಾಡಬೇಕು. ಕಾರ್ಖಾನೆಯ ಪಾಸ್‌ವರ್ಡನ್ನೂ ಅಲ್ಲೇ ಬದಲಿಸಿರಿ, ಯಾರೂ ಬದಲಿಸುವುದಿಲ್ಲ. ಆಮೇಲೆ ಲ್ಯಾನಿನಿಂದ ಲ್ಯಾನಿಗೆ ತಂತಿ. ಹೊರಗಿನ ಜಾಲಕ್ಕೆಂದು ಇರುವ, ವ್ಯಾನ್ ಎಂದು ಬರೆದ ಪೋರ್ಟು ಖಾಲಿ ಇರಲಿ. ಹೊಸ ರೌಟರುಗಳಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಎಂಬ ಆಯ್ಕೆಯೇ ಇರುತ್ತದೆ. ಅದನ್ನು ಒತ್ತಿದರೆ ವಿಳಾಸ, ಡಿಎಚ್‌ಸಿಪಿ ಎರಡನ್ನೂ ತಾನೇ ಸರಿಮಾಡಿಕೊಳ್ಳುತ್ತದೆ, ಆಗ ತಂತಿಯನ್ನು ಯಾವ ಪೋರ್ಟಿಗೆ ಕೊಡಬೇಕೆಂಬುದನ್ನು ಅದರ ಜೊತೆಗಿನ ಚೀಟಿಯೇ ಹೇಳುತ್ತದೆ. ವೈಫೈ ಹೆಸರು, ಪಾಸ್‌ವರ್ಡ್ ಎರಡಕ್ಕೂ ಒಂದೇ ಇಟ್ಟು, ಚಾನೆಲ್ ಮಾತ್ರ ಬೇರೆ ಮಾಡಿರಿ: 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದವು 1, 6, 11 ಮೂರೇ. ಡಿಎಚ್‌ಸಿಪಿಯ ಈಗಿನ ನಿಯಮ ಪ್ರಕಟವಾದದ್ದು 1997ರ ಮಾರ್ಚಿನಲ್ಲಿ, ಧಾರವಾಡದಿಂದ ನಮ್ಮ ಹಾವೇರಿ ಬೇರೆ ಜಿಲ್ಲೆಯಾದದ್ದು ಅದೇ ವರ್ಷದ ಆಗಸ್ಟಿನಲ್ಲಿ. ಜಿಲ್ಲೆಗಿಂತ ಹಳೆಯ ನಿಯಮ ಇದು. ಹೊಸ ವಿದ್ಯೆ, ನಮಗೆ ತಿಳಿಯುವುದಿಲ್ಲ ಎಂಬ ನೆಪ ರೌಟರ್ ಹಚ್ಚುವ ಹುಡುಗರಿಗೆ ಒಪ್ಪುವುದಿಲ್ಲ.

— ಇಷ್ಟೆಲ್ಲ ಸೆಟ್ಟಿಂಗ್ ಯಾಕ? ತಂತಿ ವ್ಯಾನ್ ಪೋರ್ಟಿಗೆ ಚುಚ್ಚಿದ್ರ ಏನೂ ಮುಟ್ಟದನ ನಡೀತೈತಿ ಅಂತಾರಲ್ಲ?

— ನಡೆಯುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಬರೀ ಯೂಟ್ಯೂಬ್ ನೋಡುವ ಮನೆಗೆ ಅದರಿಂದ ತೊಂದರೆಯೂ ಕಾಣದು. ಆದರೆ ಆಗ ಎರಡನೆಯದು ಪೂರ್ತಿ ರೌಟರಾಗಿ ಮನೆಯೊಳಗೊಂದು ಗಡಿ ಹಾಕುತ್ತದೆ. ಒಂದು ಹೊರ ವಿಳಾಸದ ಹಿಂದೆ ಹಲವು ಯಂತ್ರಗಳನ್ನು ಮರೆಮಾಡುವ ನ್ಯಾಟ್ ಎಂಬ ಉಪಾಯ 1994ರಿಂದ ಇದೆ. ವಿಳಾಸಗಳ ಬರಗಾಲಕ್ಕೆ ಮಾಡಿದ ಹೊಂದಾಣಿಕೆ ಅದು. ಪಡಸಾಲೆಯಲ್ಲಿ ಒಮ್ಮೆ ನ್ಯಾಟ್, ಹಿತ್ತಲಲ್ಲಿ ಇನ್ನೊಮ್ಮೆ. ಕಂಪನಿಯೂ ತನ್ನ ಕಡೆ ಸಾವಿರಾರು ಗಿರಾಕಿಗಳನ್ನು ಕೆಲವೇ ವಿಳಾಸಗಳ ಹಿಂದೆ ಕೂಡಿಸಿದ್ದರೆ ಮೂರನೆಯದು, ಅದಕ್ಕೆಂದೇ 100.64ರಿಂದ ಶುರುವಾಗುವ ವಿಳಾಸಗಳನ್ನು 2012ರಲ್ಲಿ ಬೇರೆ ತೆಗೆದಿಟ್ಟಿದ್ದಾರೆ. ಹೀಗೆ ಗಡಿಯ ಮೇಲೆ ಗಡಿ ಬಿದ್ದಾಗ ಹಿತ್ತಲ ಕೋಣೆಯ ಫೋನಿಗೆ ಪಡಸಾಲೆಯ ಪ್ರಿಂಟರು ಕಾಣುವುದಿಲ್ಲ. ಟಿವಿಗೆ ಚಿತ್ರ ಕಳಿಸಲು ಹೋದರೆ ಟಿವಿಯೇ ಪಟ್ಟಿಯಲ್ಲಿಲ್ಲ. ಇಂಥ ಯಂತ್ರಗಳು ಒಂದನ್ನೊಂದು ಹುಡುಕುವುದು ತಮ್ಮ ಜಾಲದೊಳಗೆ ಕೂಗಿ. ಆ ಕೂಗನ್ನು ರೌಟರ್ ದಾಟಿಸುವುದಿಲ್ಲ. ಎರಡೂ ಕಡೆ ಒಂದೇ 192.168.1 ಸರಣಿ ಇದ್ದರಂತೂ ಎರಡನೆಯ ರೌಟರಿಗೆ ಒಳಗು ಯಾವುದು ಹೊರಗು ಯಾವುದು ಎಂದೇ ತಿಳಿಯದು. ಹೊಸವು ಅದನ್ನು ಕಂಡು ತಾವೇ ಸರಣಿ ಬದಲಿಸಿಕೊಳ್ಳುತ್ತವೆ, ಹಳೆಯವು ಸುಮ್ಮನೆ ನಿಂತುಬಿಡುತ್ತವೆ.

— ಗಡಿ ಬೇಕಾದಲ್ಲಿ ಏನ ಮಾಡ್ತಿ? ಪಂಚಾಯ್ತಿ ಆಫೀಸಿನ ಫೈಬರನ್ನ ಪಂಚಾಯ್ತಿ ಲೈಬ್ರರಿಗೂ, ಅಂದ್ರ ಅರಿವು ಕೇಂದ್ರಕ್ಕೂ, ಕೊಟ್ಟಿರ್ತಾರ. ಆಫೀಸಿನ ಕಂಪ್ಯೂಟರಿನ್ಯಾಗ ಊರ ಮನಿ ಲೆಕ್ಕ, ತೆರಿಗಿ ಲೆಕ್ಕ; ಓದೂ ಕ್ವಾಣ್ಯಾಗ ಹುಡುಗೂರು. ಎರಡೂ ಒಂದ ಜಾಲ ಆಗಬಾರದಲ್ಲ? ಅಲ್ಲಿ ಎರಡನೇ ರೌಟರಿಗೆ ಅಧಿಕಾರ ಕೊಡಲಿಕ್ಕೇ ಬೇಕು.

— ನನ್ನ ವಾದಕ್ಕೆ ಬಿದ್ದ ಗಟ್ಟಿ ಪೆಟ್ಟು ಇದು. ಬೇರೆಯಾಗಬೇಕು ಎಂಬುದು ನೂರಕ್ಕೆ ನೂರು ಸರಿ. ಆದರೆ ಹಚ್ಚುವ ರೀತಿ ನೋಡ್ರಿ. ಫೈಬರಿನ ತುದಿ, ಮೊದಲ ರೌಟರ್ ಇರುವುದು ಅಧಿಕಾರಿಯ ಕೋಣೆಯಲ್ಲಿ. ಓದುವ ಕೋಣೆಗೆ ಎರಡನೆಯದನ್ನು ವ್ಯಾನ್ ಪೋರ್ಟಿನ ಮೂಲಕ ಕೊಡುತ್ತಾರೆ, ‘ಬೇರೆ ಮಾಡಿದೆವು’ ಎಂದು ನೆಮ್ಮದಿಯಾಗುತ್ತಾರೆ. ವಾಸ್ತವದಲ್ಲಿ ಆದದ್ದು ತಿರುವುಮುರುವು. ನ್ಯಾಟಿನ ಬಾಗಿಲು ಒಳಗಿನಿಂದ ಹೊರಕ್ಕೆ ತೆರೆಯುತ್ತದೆ, ಹೊರಗಿನಿಂದ ಒಳಕ್ಕಲ್ಲ. ಎರಡನೆಯ ರೌಟರಿನ ಒಳಗಿರುವ ಹುಡುಗರ ಕಂಪ್ಯೂಟರಿಗೆ ಅದರ ಹೊರಗಿರುವುದೆಲ್ಲ ಇಂಟರ್‌ನೆಟ್ಟಿನ ದಾರಿಯೇ, ಆ ದಾರಿಯಲ್ಲಿ ಆಫೀಸಿನ ಯಂತ್ರಗಳೂ ಬಿದ್ದಿವೆ. ಸುಮ್ಮನೆ ಹುಡುಕಿದರೆ ಹೆಸರು ಕಾಣದಿರಬಹುದು; ವಿಳಾಸ ಹೊಡೆದರೆ ಆಫೀಸಿನ ಪ್ರಿಂಟರು, ರೌಟರಿನ ಲಾಗಿನ್ ಪುಟ, ಹಂಚಿಟ್ಟ ಕಡತಕೋಶ ಎಲ್ಲವೂ ಮುಟ್ಟುತ್ತವೆ. ಕಾಪಾಡಬೇಕಾದ್ದು ಹೊರಗೆ ಬಿತ್ತು, ಯಾರಿಂದ ಕಾಪಾಡಬೇಕೋ ಅವರಿಗೆ ಕೋಟೆ ಸಿಕ್ಕಿತು. ಹಾಗಾದರೆ ಅದಲುಬದಲು ಮಾಡಿ ಆಫೀಸನ್ನೇ ಎರಡನೆಯದರ ಹಿಂದೆ ಹಾಕೋಣವೇ? ಅರ್ಧ ಸರಿ, ಆಫೀಸಿನ ಮಾಹಿತಿಯೆಲ್ಲ ಆಗ ಸಾರ್ವಜನಿಕರ ಜಾಲವನ್ನು ಹಾಯ್ದು ಹೋಗಬೇಕಾಗುತ್ತದೆ. ಸರಿಯಾದ ಉಪಾಯ ಮೊದಲ ರೌಟರಿನಲ್ಲಿಯೇ ಇದೆ. ಅನೇಕ ರೌಟರುಗಳಲ್ಲಿ ಗೆಸ್ಟ್ ಜಾಲ ಎಂದಿರುತ್ತದೆ: ಇಂಟರ್‌ನೆಟ್ ಕೊಡುತ್ತದೆ, ಒಳಗಿನ ಯಂತ್ರಗಳನ್ನು ತೋರಿಸುವುದಿಲ್ಲ. ತಂತಿಯಲ್ಲೂ ಬೇರೆ ಮಾಡಬೇಕೆಂದರೆ ವಿಲ್ಯಾನ್ ತಿಳಿಯುವ ರೌಟರ್ ಮತ್ತು ಸ್ವಿಚ್ ಬೇಕು. ಒಂದೇ ಕೇಬಲಿನಲ್ಲಿ ಎರಡು ಜಾಲಗಳನ್ನು ಬೆರೆಸದೆ ಒಯ್ಯುವ ಏರ್ಪಾಡು ಅದು. ಅಂದರೆ ಗಡಿ ಹಾಕುವ ಹಕ್ಕೂ ಒಂದೇ ಕೈಯಲ್ಲಿ ಇದ್ದಾಗ ಮಾತ್ರ ಗಡಿ ಸರಿಯಾಗಿ ಬೀಳುತ್ತದೆ. ಎರಡು ಬೇರೆ ಬೇರೆ ಮನೆತನಗಳು ಒಂದೇ ಸಂಪರ್ಕ ಹಂಚಿಕೊಂಡಾಗ, ಬಾಡಿಗೆದಾರರಿಗೆ ಕೊಟ್ಟಾಗ ವ್ಯಾನ್ ದಾರಿಗೆ ನನ್ನ ಅಡ್ಡಿಯಿಲ್ಲ. ಅಲ್ಲಿಯೂ ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

— ಒಂದ ಕೇಬಲ್ ಇಲಿ ಕಡದ್ರ? ಎರಡು ಹಚ್ಚಿಟ್ರ ಒಂದು ಹ್ವಾದ್ರೂ ಇನ್ನೊಂದು ಇರತೈತಿ. ಪಂಚಾಯ್ತಿಗಳಿಗೆ ಫೈಬರ್ ಎಳಿಯೂ ಭಾರತ್‌ನೆಟ್ಟಿನವರೂ ಈಗ ಅದನ್ನ ಬಳಿಯಂಗ ಸುತ್ತು ಹಾಕ್ತಾರಂತ.

— ಭಾರತ್‌ನೆಟ್ಟಿನವರು ಹಾಕುವುದು ಸರಿ, ನಾವು ಹಾಕಿದರೆ ತಪ್ಪು. 2011ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕ ಯೋಜನೆಯ ಮೊದಲ ಸುತ್ತಿನಲ್ಲಿ ತಾಲ್ಲೂಕು ಕಡೆಯಿಂದ ಪಂಚಾಯ್ತಿಗಳಿಗೆ ಫೈಬರ್ ಕವಲೊಡೆದು ಹೋಗುತ್ತಿತ್ತು. ರಸ್ತೆ ಅಗೆಯುವ ಜೆಸಿಬಿ ಬುಡದಲ್ಲಿ ಕತ್ತರಿಸಿದರೆ ಆ ಕವಲಿನ ಪಂಚಾಯ್ತಿಗಳೆಲ್ಲ ಕುರುಡು. 2023ರ ಆಗಸ್ಟಿನಲ್ಲಿ ಒಪ್ಪಿದ ತಿದ್ದುಪಡಿ ಯೋಜನೆ ಬಳೆಯಾಕಾರಕ್ಕೆ ಬದಲಿಸಿತು: ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬರುತ್ತದೆ. ಅಲ್ಲಿ ಕೂಡಿಸುವವು ದಾರಿಯ ಸುದ್ದಿಯನ್ನು ಒಂದಕ್ಕೊಂದು ಹೇಳಿಕೊಳ್ಳುವ ದೊಡ್ಡ ರೌಟರುಗಳು. ನಮ್ಮ ಮನೆಯ ಲ್ಯಾನ್ ಪೋರ್ಟುಗಳು ಬರೀ ಸ್ವಿಚ್. ಎರಡು ಡಬ್ಬಿಗಳ ಲ್ಯಾನುಗಳ ನಡುವೆ ಎರಡು ತಂತಿ ಕೊಟ್ಟರೆ, ಎಲ್ಲರಿಗೂ ಕೇಳಲಿ ಎಂದು ಕಳಿಸಿದ ಒಂದು ಕೂಗು ಒಂದರಿಂದ ಹೋಗಿ ಇನ್ನೊಂದರಿಂದ ಮರಳಿ ಬಂದು ಮತ್ತೆ ಹೋಗುತ್ತದೆ. ಐಪಿ ಪೊಟ್ಟಣದಲ್ಲಿ ಪ್ರತಿ ರೌಟರಿಗೂ ಒಂದೊಂದು ಇಳಿಯುವ ಎಣಿಕೆ ಇರುತ್ತದೆ, ಸೊನ್ನೆಯಾದರೆ ಬಿಸಾಕುತ್ತಾರೆ. ಈಥರ್ನೆಟ್ ಚೌಕಟ್ಟಿಗೆ ಅಂಥ ಎಣಿಕೆ ಇಲ್ಲ, ಸಾವೇ ಇಲ್ಲದೆ ಸುತ್ತುತ್ತದೆ. ಕ್ಷಣಗಳಲ್ಲಿ ಜಾಲ ತುಂಬಿ ಎಲ್ಲ ದೀಪಗಳೂ ಒಟ್ಟಿಗೆ ಮಿಣುಕತೊಡಗುತ್ತವೆ, ನೆಟ್ ಪೂರ್ತಿ ನಿಲ್ಲುತ್ತದೆ. ಇದಕ್ಕೆ ಮದ್ದು 1985ರಲ್ಲಿ ರೇಡಿಯಾ ಪರ್ಲ್‌ಮನ್ ಎಂಬಾಕೆ ಕಂಡುಹಿಡಿದ ಸ್ಪ್ಯಾನಿಂಗ್ ಟ್ರೀ: ಸ್ವಿಚ್ಚುಗಳು ಮಾತಾಡಿಕೊಂಡು ಹೆಚ್ಚಿನ ತಂತಿಯನ್ನು ಮುಚ್ಚಿಡುತ್ತವೆ, ಮೊದಲಿನದು ಕಡಿದಾಗ ತೆರೆಯುತ್ತವೆ. ಅದು 1990ರಲ್ಲಿ ಮಾನಕವೂ ಆಯಿತು, ಆದರೆ ಅಗ್ಗದ ಮನೆ ರೌಟರುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇಲಿಗೆ ಪಿವಿಸಿ ಪೈಪು ಸಾಕು.

— ಸಿಡಲಿಗೆ ಪೈಪು ಸಾಕಾಗೂದಿಲ್ಲ. ಅಡ್ಡಮಳಿ ದಿನಾ ಎಷ್ಟು ಡಬ್ಬಿ ಸುಡತಾವು!

— ಇದಕ್ಕೆ ನನ್ನಲ್ಲಿ ಎದುರು ವಾದವಿಲ್ಲ; ತಾಮ್ರಕ್ಕೆ ಅದೇ ಎಲ್ಲೆ. ಒಂದೇ ಛಾವಣಿಯ ಕೆಳಗೆ ತಾಮ್ರದ ಕೇಬಲ್ ಎಳೆಯಿರಿ. ದೊಡ್ಡ ಮನೆಯಿಂದ ಹೊಲದ ಮನೆಗೆ, ಶಾಲೆಯ ಒಂದು ಕಟ್ಟಡದಿಂದ ಇನ್ನೊಂದಕ್ಕೆ, ಅಂಗಳ ದಾಟಿ ಕಂಬದ ಮೇಲೆ ತಾಮ್ರ ಎಳೆಯಬೇಡಿರಿ. ಎರಡು ಕಟ್ಟಡಗಳ ಅರ್ಥಿಂಗ್ ಬೇರೆ ಬೇರೆ. ಹತ್ತಿರ ಎಲ್ಲೋ ಸಿಡಿಲು ಬಿದ್ದರೂ ಎರಡು ನೆಲಗಳ ನಡುವಿನ ವೋಲ್ಟೇಜಿನ ಅಂತರ ಅದೇ ತಂತಿಯಲ್ಲಿ ಹರಿದು ಎರಡೂ ತುದಿಯ ಪೋರ್ಟುಗಳನ್ನು ಸುಡುತ್ತದೆ. ಅಲ್ಲಿಗೆ ಫೈಬರ್, ಎರಡೂ ತುದಿಗೆ ಫೈಬರನ್ನು ತಾಮ್ರಕ್ಕೆ ಕೂಡಿಸುವ ಮೀಡಿಯಾ ಕನ್ವರ್ಟರ್. ಗಾಜಿನ ಎಳೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಆಧಾರಕ್ಕೆಂದು ಜೊತೆಗಿರುವ ಉಕ್ಕಿನ ತಂತಿಯನ್ನು ಮಾತ್ರ ಹೊರಗೇ ಕತ್ತರಿಸಿ ನಿಲ್ಲಿಸಬೇಕು. ದೂರದ ಮಾತೂ ಇದರಲ್ಲೇ ಬಂತು: ತಾಮ್ರದ ಈಥರ್ನೆಟ್ಟಿನ ಎಲ್ಲೆ 100 ಮೀಟರ್. ನೂರರ ಒಳಗೂ ಕೇಬಲಿನ ಜಾತಿ ನೋಡಬೇಕು. ಅಗ್ಗಕ್ಕೆ ಸಿಗುವ ಎಷ್ಟೋ ಸುರುಳಿಗಳು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ರೋಧ ಸುಮಾರು ಒಂದೂವರೆ ಪಟ್ಟು, ಎರಡು ಸಲ ಮಡಚಿದರೆ ಮುರಿಯುತ್ತದೆ. ಎಳೆಯನ್ನು ಚಾಕುವಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುವುದು ಅದೇ. ಒಳಗಿನ ನಾಲ್ಕು ಜೋಡಿಯಲ್ಲಿ 100 ಮೆಗಾಬಿಟ್ಟಿಗೆ ಎರಡು ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಬೇಕು. ನೀಲಿ ಜೋಡಿಯ ಒಂದೆಳೆ ಕ್ರಿಂಪಿಂಗ್‌ನಲ್ಲಿ ಕೂತಿಲ್ಲದಿದ್ದರೂ ನೆಟ್ ಬರುತ್ತದೆ. 200 ಮೆಗಾಬಿಟ್ಟಿನ ಪ್ಲಾನಿಗೆ ದುಡ್ಡು ಕೊಟ್ಟು 100ರ ಒಳಗೇ ಉಳಿಯುತ್ತೀರಿ, ಬೈಗುಳ ಕಂಪನಿಗೆ.

— ಕಡೀ ಮಾತು. ಎಲ್ಲಾರ ಕೈಯಾಗ 5ಜಿ ಫೋನ್ ಬಂದ ಮ್ಯಾಲೂ ಈ ತಂತಿ ಕಾರುಬಾರು ಬೇಕೇನು?

— ಒಬ್ಬರ ಫೋನಿಗೆ ಬೇಡ. ಓದುವ ಕೋಣೆಯ ಹತ್ತು ಕಂಪ್ಯೂಟರಿಗೆ, ಕ್ಯಾಮೆರಾಗಳಿಗೆ, ಪ್ರಿಂಟರಿಗೆ ಬೇಕು. 5ಜಿ ಅಲೆಯೂ ಅದೇ ಮಣ್ಣಿನ ಗೋಡೆಗೆ ಬಡಿಯುತ್ತದೆ. ನೀವು ಪಂಚಾಯ್ತಿ ಸಭೆಗೆ ಹೋಗುವವರು, ಒಂದು ಉಪಕಾರ ಮಾಡ್ರಿ: ಅರಿವು ಕೇಂದ್ರದ ಖರ್ಚಿನ ಪಟ್ಟಿಯಲ್ಲಿ ‘ವೈಫೈ ರಿಪೀಟರ್’ ಎಂದು ಬರೆದಿದ್ದರೆ ಅದನ್ನು ಹೊಡೆದು ಹಾಕಿಸಿ, ‘ಪೂರ್ಣ ತಾಮ್ರದ ಕ್ಯಾಟ್-6 ಕೇಬಲ್, ಆಕ್ಸೆಸ್ ಪಾಯಿಂಟ್ ಆಗಿ ಬಳಸಲು ಬರುವ ಗಿಗಾಬಿಟ್ ರೌಟರ್ ಒಂದು, ಸಾರ್ವಜನಿಕರಿಗೆ ಬೇರೆ ಗೆಸ್ಟ್ ಜಾಲ’ ಎಂದು ಬರೆಸಿರಿ. ಕೇಬಲಿನ ಎರಡೂ ತುದಿಗೆ ಎಲ್ಲಿಂದ ಎಲ್ಲಿಗೆ ಎಂದು ಚೀಟಿ ಅಂಟಿಸುವುದನ್ನೂ ಅದೇ ಸಾಲಿನಲ್ಲಿ ಸೇರಿಸಿರಿ.